ಹಿಮದಲ್ಲಿ ಹೂತುಹೋಗದ ಬಂಡಿ: ಸ್ವೀಡನ್‌ನ ಬ್ಯಾಂಡ್‌ವಾಗ್ನ್ 206

ಸೊಂಟದವರೆಗೆ ಹಿಮ ತುಂಬಿದ ಜಾಗದಲ್ಲಿ ಒಬ್ಬ ಸೈನಿಕ ಗಾಯಗೊಂಡು ಬಿದ್ದಿದ್ದಾನೆ ಅಂದುಕೊಳ್ಳಿ. ಜೀಪು ಹೋಗಲ್ಲ, ಲಾರಿ ಹೋಗಲ್ಲ. ಗಾಳಿ, ಮಂಜು ಜೋರಾಗಿದ್ದರೆ ಹೆಲಿಕಾಪ್ಟರ್ ಕೂಡಾ ಇಳಿಯುವಂತಿಲ್ಲ. ನಡೆದು ಹೋಗಿ ಹೊತ್ತು ತರೋಣ ಅಂದರೆ ಗಂಟೆಗಟ್ಟಲೆ ಬೇಕು. ಮೈನಸ್ 30 ಡಿಗ್ರಿ ಚಳಿಯಲ್ಲಿ ಗಾಯಾಳು ಅಷ್ಟು ಹೊತ್ತು ಉಳಿಯುವುದೇ ಕಷ್ಟ. ಇಂಥ ನೆಲಕ್ಕೆಂದೇ ಸ್ವೀಡನ್ ತಯಾರಿಸಿದ ವಾಹನ ಬ್ಯಾಂಡ್‌ವಾಗ್ನ್ 206, ಚಿಕ್ಕದಾಗಿ ಬಿವಿ 206. ಆ ಭಾಷೆಯಲ್ಲಿ ಬ್ಯಾಂಡ್ ಅಂದರೆ ಪಟ್ಟಿ, ವಾಗ್ನ್ ಅಂದರೆ ಬಂಡಿ. ಪಟ್ಟಿಯ ಮೇಲೆ ಓಡುವ ಬಂಡಿ, ಅಷ್ಟೇ.

ಹುಟ್ಟಿದ್ದು ಹೇಗೆ?

ಸ್ವೀಡನ್‌ನ ಉತ್ತರದ ತುದಿ ಆರ್ಕ್ಟಿಕ್ ವೃತ್ತದೊಳಗಿದೆ. ಚಳಿಗಾಲದಲ್ಲಿ ಆಳವಾದ ಹಿಮ, ಅದು ಕರಗಿದ ಮೇಲೆ ಜೌಗು. 1960ರ ದಶಕದಲ್ಲಿ ವೋಲ್ವೋ ಬಳಗದ ಕಂಪೆನಿ ಮಾಡಿದ ಬಿವಿ 202 ಅಲ್ಲಿನ ಸೈನ್ಯದಲ್ಲಿ ಓಡುತ್ತಿತ್ತು. ಇನ್ನೂ ಹೆಚ್ಚು ಜನ, ಹೆಚ್ಚು ಸಾಮಾನು ಒಯ್ಯುವ ವಾಹನ ಬೇಕೆಂದು 1974ರಲ್ಲಿ ಹೊಸ ವಿನ್ಯಾಸದ ಕೆಲಸ ಶುರುವಾಯಿತು. ಓರ್ನ್‌ಶೋಲ್ಡ್ಸ್‌ವಿಕ್ ಪಟ್ಟಣದ ಹೆಗ್ಲುಂಡ್ಸ್ ಕಂಪೆನಿ 1980ರ ಹೊತ್ತಿಗೆ ಬಿವಿ 206 ಅನ್ನು ಸೈನ್ಯಕ್ಕೆ ಕೊಡತೊಡಗಿತು. ಆಮೇಲೆ 11,000ಕ್ಕೂ ಹೆಚ್ಚು ವಾಹನಗಳು ತಯಾರಾಗಿ ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ಹೋದವು. ಈಗ ಈ ಕಂಪೆನಿ ಬಿಎಇ ಸಿಸ್ಟಮ್ಸ್‌ನ ಭಾಗ.

ಒತ್ತಡದ ಲೆಕ್ಕ

ಇದರ ಗುಟ್ಟು ಇಂಜಿನ್‌ನಲ್ಲಿಲ್ಲ, ಅಡಿಯಲ್ಲಿದೆ. ಕೆಸರು ಗದ್ದೆಯಲ್ಲಿ ಹಲಗೆ ಹಾಸಿ ನಡೆದರೆ ಕಾಲು ಹೂತುಹೋಗಲ್ಲ ತಾನೇ? ಭಾರ ಅಷ್ಟೇ ಇದೆ, ಆದರೆ ಹೆಚ್ಚು ಜಾಗಕ್ಕೆ ಹಂಚಿಹೋಗಿದೆ.

ಲೆಕ್ಕ ನೋಡಿ. 70 ಕಿಲೋ ತೂಕದ ಮನುಷ್ಯ ನಡೆಯುವಾಗ ಒಂದು ಕಾಲಿನ ಮೇಲೆ ನಿಂತ ಕ್ಷಣದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 0.35 ಕಿಲೋ ಭಾರ ಬೀಳುತ್ತದೆ. ಕಾರಿನ ಚಕ್ರದ ಅಡಿಯಲ್ಲಿ ಅದು ಸುಮಾರು 2 ಕಿಲೋ. ಬಿವಿ 206ಕ್ಕೆ 62 ಸೆಂಟಿಮೀಟರ್ ಅಗಲದ ನಾಲ್ಕು ರಬ್ಬರ್ ಪಟ್ಟಿಗಳಿವೆ. ನಮ್ಮೂರಲ್ಲಿ ಗುಡ್ಡ ಅಗೆಯುವ ಹಿಟಾಚಿಯ ಕಬ್ಬಿಣದ ಚೈನಿನ ಹಾಗೆಯೇ, ಆದರೆ ಹಗುರ. ಜನ, ಸಾಮಾನು ತುಂಬಿ ಆರೂವರೆ ಟನ್ ದಾಟಿದರೂ ನೆಲದ ಮೇಲೆ ಬೀಳುವುದು ಸುಮಾರು 0.14 ಕಿಲೋ ಮಾತ್ರ. ಅಂದರೆ ಮನುಷ್ಯನ ಹೆಜ್ಜೆ ಹೂತುಹೋಗುವಲ್ಲಿ ಈ ಬಂಡಿ ಮೇಲೆಯೇ ಸಾಗುತ್ತದೆ.

ರಚನೆ

ಒಂದರ ಹಿಂದೆ ಒಂದರಂತೆ ಎರಡು ಡಬ್ಬಿಗಳು. ಹಿಂದಿನದು ಬರೀ ಎಳೆಸಿಕೊಳ್ಳುವ ಟ್ರೇಲರ್ ಅಲ್ಲ, ಮುಂದಿನ ಇಂಜಿನ್‌ನ ಶಕ್ತಿ ಅದರ ಪಟ್ಟಿಗಳಿಗೂ ಹೋಗುತ್ತದೆ. ಟ್ಯಾಂಕ್ ತಿರುಗುವಾಗ ಒಂದು ಕಡೆಯ ಪಟ್ಟಿಯನ್ನು ತಡೆಯುತ್ತದೆ, ಆಗ ನೆಲ ಕಿತ್ತುಬರುತ್ತದೆ. ಇಲ್ಲಿ ಹಾಗಲ್ಲ. ಎರಡು ಡಬ್ಬಿಗಳ ನಡುವಿನ ಕೀಲನ್ನು ಹೈಡ್ರಾಲಿಕ್ ಸಿಲಿಂಡರ್‌ಗಳು ಬಾಗಿಸುತ್ತವೆ. ನಾಲ್ಕೂ ಪಟ್ಟಿಗಳು ಎಳೆಯುತ್ತಲೇ ಇರುತ್ತವೆ.

ಮುಂದೆ ಆರು, ಹಿಂದೆ ಹನ್ನೊಂದು, ಒಟ್ಟು 17 ಜನ ಕೂರಬಹುದು. ರಸ್ತೆಯಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗ. ನೀರಲ್ಲೂ ತೇಲುತ್ತದೆ, ಪಟ್ಟಿಗಳೇ ಹುಟ್ಟು ಹಾಕಿದಂತೆ ಮುಂದಕ್ಕೆ ತಳ್ಳುತ್ತವೆ. ಆದರೆ ಅಲ್ಲಿ ವೇಗ ಮನುಷ್ಯ ನಡೆದಷ್ಟೇ.

ಯುದ್ಧಭೂಮಿಯ ಪಾಠ

1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್‌ನ ರಾಯಲ್ ಮರೀನ್ಸ್ ಹಳೆಯ ಬಿವಿ 202ಗಳನ್ನು ಒಯ್ದಿದ್ದರು. ಅಲ್ಲಿ ಸ್ಪಂಜಿನಂತೆ ನೀರು ಹೀರಿಕೊಂಡ ಜೌಗು ನೆಲ, ಚಕ್ರದ ವಾಹನಗಳು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಹಿಮಕ್ಕೆ ಮಾಡಿದ ಬಂಡಿ ಕೆಸರಲ್ಲೂ ಕೆಲಸಕ್ಕೆ ಬಂತು.

ಆದರೆ ಹಗುರಕ್ಕೂ ಒಂದು ಬೆಲೆ ಇದೆ. ಬಿವಿ 206ರ ಮೈ ಫೈಬರ್ ಗ್ಲಾಸ್, ಗುಂಡು ತಡೆಯಲ್ಲ. ಹಾಗಾಗಿ ಉಕ್ಕಿನ ಕವಚದ ಬಿವಿಎಸ್ 10 ಬಂತು, ಬ್ರಿಟನ್ ಅದನ್ನು ವೈಕಿಂಗ್ ಎಂದು ಕರೆಯಿತು. 2006ರಿಂದ ಅಫ್ಘಾನಿಸ್ತಾನದಲ್ಲಿ ಅದು ಓಡಿತು. ನೆಲದೊಳಗೆ ಹುಗಿದಿಟ್ಟ ಬಾಂಬುಗಳಿಗೆ ಆ ಕವಚವೂ ಸಾಲಲಿಲ್ಲ, ಅದರೊಳಗಿದ್ದ ಸೈನಿಕರು ಸತ್ತರು. ಕೊನೆಗೆ 2010ರಲ್ಲಿ ಸಿಂಗಾಪುರದಿಂದ ತರಿಸಿದ ಇನ್ನೂ ಭಾರದ ವಾರ್ಟ್‌ಹಾಗ್ ವೈಕಿಂಗ್‌ನ ಜಾಗಕ್ಕೆ ಬಂತು.

ಈಗ ಎಲ್ಲಿದೆ?

2022ರಲ್ಲಿ ಅಮೆರಿಕದ ಸೈನ್ಯ ತನ್ನ ಹಳೆಯ ಬಿವಿ 206ಗಳ ಬದಲಿಗೆ ಅದೇ ಕಂಪೆನಿಯ ಕವಚವಿಲ್ಲದ ಬಿಯೋವುಲ್ಫ್ ಆರಿಸಿತು. ಅದೇ ವರ್ಷ ಸ್ವೀಡನ್, ಜರ್ಮನಿ, ಬ್ರಿಟನ್ ಸೇರಿ 436 ಬಿವಿಎಸ್ 10ಗಳಿಗೆ ಆರ್ಡರ್ ಕೊಟ್ಟವು. ಭಾರತದ ಸೈನ್ಯವೂ 2025ರಲ್ಲಿ ಇದನ್ನು ಆರಿಸಿಕೊಂಡಿದೆ. ಇಲ್ಲಿ ಅದರ ಹೆಸರು ಸಿಂಧು, ಗುಜರಾತಿನ ಹಜೀರಾದಲ್ಲಿ ಎಲ್ ಆಂಡ್ ಟಿ ತಯಾರಿಸುತ್ತದೆ. ಯುದ್ಧವಿಲ್ಲದ ಕಡೆಯೂ ಬೇಡಿಕೆ ಇದೆ: ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರಗಳಲ್ಲಿ, ಹಿಮದ ನಾಡುಗಳ ರಕ್ಷಣಾ ಕಾರ್ಯದಲ್ಲಿ ಬಿವಿ 206 ಓಡುತ್ತಿದೆ.

ವ್ಯಾಪಾರದಲ್ಲಿ ಜಮೆ ಬರೆದ ಕಡೆ ಖರ್ಚೂ ಬರೆಯಬೇಕು. ಈ ಬಂಡಿಗೆ ಹಾಕುವ ಪ್ರತಿ ಕಿಲೋ ಉಕ್ಕು ಒಳಗಿದ್ದವನನ್ನು ಗುಂಡಿನಿಂದ ಕಾಯುತ್ತದೆ, ಅದೇ ಕಿಲೋ ಬಂಡಿಯನ್ನು ಹಿಮಕ್ಕೆ ಇನ್ನಷ್ಟು ಒತ್ತುತ್ತದೆ. ಶತ್ರು ಎದುರಿಗಿರುವಲ್ಲಿ ಉಕ್ಕು ಬೇಕು. ಗಾಯಾಳುವಿನ ಹತ್ತಿರ ತಲುಪುವುದೇ ಮುಖ್ಯವಾದಲ್ಲಿ ಆ ಹಳೆಯ ಫೈಬರ್ ಡಬ್ಬಿಯೇ ಸಾಕು.