ಕಾಲು ಮಿಲಿಮೀಟರಿನ ಲೆಕ್ಕ: ಸಾಯಗಾಂವ ಸೀಮೆಯಿಂದ ಕಂಡ ಏರ್ ರೈಫಲ್ ಸಲಕರಣೆ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಈ ಸೀಮೆಯ ಮಕ್ಕಳ ಕೈಗೆ ಮೊದಲ ಸಲ ಬಂದೂಕು ಸಿಗುವುದು ಜಾತ್ರೆಯಲ್ಲಿ. ಹಲಗೆಯ ತುಂಬ ಬಲೂನು, ನಳಿಗೆ ಬಾಗಿಸಿ ಛರ್ರಾ ತುಂಬಿ ಕೈಗಿಡುವ ಅಂಗಡಿಯವ. ಆ ಬಂದೂಕಿನ ನಳಿಗೆ ಸವೆದಿರುತ್ತದೆ, ತುದಿಯ ಗುರಿಕಡ್ಡಿ ಒಂದು ಕಡೆಗೆ ವಾಲಿರುತ್ತದೆ. ಎರಡು ಛರ್ರಾ ಕಳೆದುಕೊಂಡ ಹುಡುಗಿ ಮೂರನೆಯದಕ್ಕೆ ಬಲೂನಿನ ಎಡಕ್ಕೆ ಹಿಡಿದು ಒಡೆಯುತ್ತಾಳೆ. ಬಂದೂಕಿನ ದೋಷ ಎಷ್ಟೆಂದು ಅಳೆದು, ತನ್ನನ್ನು ಅದಕ್ಕೆ ಹೊಂದಿಸಿಕೊಂಡಳು. ಸ್ಪರ್ಧೆಯ ರೈಫಲ್‌ನಲ್ಲಿ ಈ ಸಂಬಂಧ ತಿರುವುಮುರುವಾಗುತ್ತದೆ. ಅಲ್ಲಿ ಬಂದೂಕೇ ಮೈಗೆ ಹೊಂದಬೇಕು.

ಈ ಲೇಖನದ ವಾದ ಆ ಹೊಂದಾಣಿಕೆಯ ಬಗ್ಗೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಕಂಪನಿ ಯಾವುದು ಎಂಬ ಪ್ರಶ್ನೆಗೆ ಅದರ ಯೋಗ್ಯತೆಗಿಂತ ಹೆಚ್ಚು ಬೆಲೆ ಸಿಕ್ಕಿದೆ. ಅಂಕ ಏರುವುದೂ ಇಳಿಯುವುದೂ ಪೆಲೆಟ್‌ನ ಲಾಟ್, ಬಟ್‌ನ ಅಳತೆ, ಜಾಕೆಟ್, ಸಿಲಿಂಡರಿನ ಗಾಳಿ ಇವುಗಳಿಂದ. ದೊಡ್ಡ ಊರಿನ ರೇಂಜ್‌ನಲ್ಲಿ ಇವೆಲ್ಲ ಕೈಯಳತೆಯಲ್ಲಿ ಇರುವುದರಿಂದ ಚರ್ಚೆಗೇ ಬರುವುದಿಲ್ಲ. ಸಾಯಗಾಂವದಿಂದ ನೋಡಿದಾಗ ಇವೇ ಮೊದಲು ಕಾಣುತ್ತವೆ.

ಲೆಕ್ಕದಿಂದ ಶುರು ಮಾಡೋಣ. ಗುರಿಹಾಳೆಯ ನಡುವಿನ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ಪೆಲೆಟ್‌ನದು 4.5 ಮಿಲಿಮೀಟರ್. ಪೆಲೆಟ್‌ನ ಅಂಚು ಚುಕ್ಕೆಗೆ ತಾಗಿದರೆ 10.0. ಅಂದರೆ ಪೆಲೆಟ್‌ನ ನಡು ಗುರಿಯ ನಡುವಿನಿಂದ 2.5 ಮಿಲಿಮೀಟರಿನೊಳಗೆ ಬಿದ್ದಿರಬೇಕು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರಿಗೆ 0.1 ಅಂಕ ಏರುತ್ತ 10.9ಕ್ಕೆ ನಿಲ್ಲುತ್ತದೆ. 75 ನಿಮಿಷದಲ್ಲಿ 60 ಗುಂಡು, ಗರಿಷ್ಠ 654.0. ಪ್ರತಿ ಗುಂಡೂ ಕಾಲು ಮಿಲಿಮೀಟರ್ ಹೊರಗೆ ಸರಿದರೆ ಒಟ್ಟು 6 ಅಂಕ ಹೋದಂತೆ. 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಭಿನವ್ ಬಿಂದ್ರಾ ಮತ್ತು ಉಕ್ರೇನಿನ ಸೆರ್ಹಿ ಕುಲಿಶ್ 163.8ಕ್ಕೆ ಸಮನಾಗಿ ನಿಂತರು. ನಿರ್ಣಾಯಕ ಗುಂಡಿನಲ್ಲಿ ಕುಲಿಶ್ 10.5, ಬಿಂದ್ರಾ 10.0. ನಡುವಿನ ಅಂತರ ಹೆಚ್ಚುಕಡಿಮೆ 1.25 ಮಿಲಿಮೀಟರ್. ಬಿಂದ್ರಾ ನಾಲ್ಕನೆಯವರಾಗಿ ಹೊರಬಂದರು, ಕುಲಿಶ್ ಬೆಳ್ಳಿ ಗೆದ್ದರು.

ಇಷ್ಟು ಸೂಕ್ಷ್ಮದ ಆಟದಲ್ಲಿ ರೈಫಲ್‌ನದೇ ದೊಡ್ಡ ಪಾಲು ಅನ್ನಿಸುವುದು ಸಹಜ. ಆದರೆ ಫೈನ್‌ವರ್ಕ್‌ಬೌ, ವಾಲ್ಥರ್, ಆನ್‌ಷುಟ್ಸ್, ಸ್ಟೈಯರ್ ಯಾವುದೇ ಆಗಲಿ, ಅವುಗಳ ಸ್ಪರ್ಧಾ ರೈಫಲನ್ನು ವೈಸ್‌ಗೆ ಬಿಗಿದು ಒಪ್ಪುವ ಹತ್ತು ಪೆಲೆಟ್ ಹಾರಿಸಿದರೆ ಹತ್ತೂ ಒಂದೇ ತೂತಿನಲ್ಲಿ ಹೋಗುತ್ತವೆ. ಮನುಷ್ಯನ ಕೈ ಅಷ್ಟು ಸ್ಥಿರ ನಿಲ್ಲದು. ನಿಯಮಗಳೂ ಎಲ್ಲರನ್ನೂ ಒಂದೇ ಚೌಕಟ್ಟಿಗೆ ತಂದಿವೆ: ತೂಕ 5.5 ಕಿಲೋ ಮೀರಬಾರದು, ದುರ್ಬೀನು ಕೂಡದು, ಕಿರುಗಿಂಡಿಯ ಪೀಪ್ ಸೈಟ್ ಮಾತ್ರ.

ಉಳಿಯುವ ವ್ಯತ್ಯಾಸ ಮೈಗೆ ಸಂಬಂಧಿಸಿದ್ದು. ಅದನ್ನು ನೋಡಲು ಒಂದು ಸರಳ ಪರೀಕ್ಷೆಯಿದೆ. ಗುರಿಗಾರ್ತಿ ಕಣ್ಣು ಮುಚ್ಚಿ ರೈಫಲ್ ಎತ್ತಿ ಭುಜಕ್ಕೆ ಕೊಟ್ಟು, ಕೆನ್ನೆಯನ್ನು ಪಟ್ಟಿಯ ಮೇಲೆ ಇಳಿಬಿಡುತ್ತಾಳೆ. ಎರಡು ಉಸಿರು. ಆಮೇಲೆ ಕಣ್ಣು ತೆರೆಯುತ್ತಾಳೆ. ಹಿಂದಿನ ಗಿಂಡಿಯ ನಡುವೆ ಮುಂದಿನ ಉಂಗುರ ತಾನಾಗಿಯೇ ಕುಳಿತಿದ್ದರೆ ಅಳತೆ ಸರಿ. ನೋಡಲು ಕತ್ತನ್ನು ಕೂದಲೆಳೆಯಷ್ಟು ಎತ್ತಬೇಕಾಗಿ ಬಂದರೂ ಕೆನ್ನೆಪಟ್ಟಿ ತಪ್ಪಾಗಿದೆ. ಆ ಎತ್ತುವಿಕೆ ನಲವತ್ತನೆಯ ಗುಂಡಿನ ಹೊತ್ತಿಗೆ ಕತ್ತಿನ ನೋವಾಗುತ್ತದೆ, ಐವತ್ತನೆಯದಕ್ಕೆ 9.8 ಆಗುತ್ತದೆ. 2018ರಲ್ಲಿ ಮಹಿಳೆಯರ ಗುಂಡುಗಳು 40ರಿಂದ 60ಕ್ಕೆ ಏರಿದ ಮೇಲೆ ಇಂಥ ಸಣ್ಣ ತಪ್ಪುಗಳ ಬೆಲೆ ಹೆಚ್ಚಾಗಿದೆ. ಬೆಳೆಯುವ ವಯಸ್ಸಿನವರಿಗಂತೂ ಪಟ್ಟಿ, ಬಟ್‌ನ ಉದ್ದ ಎರಡನ್ನೂ ಆಗಾಗ ಸರಿಪಡಿಸುತ್ತಲೇ ಇರಬೇಕು. ಹೊಳೆಯುವ ಹೊಸ ಮಾದರಿಗಿಂತ, ಈ ಅಳತೆಗಳು ಸುಲಭವಾಗಿ ಜರುಗುವ ಹಳೆಯ ರೈಫಲ್ ಅವರಿಗೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ತೂಕದ ಮಿತಿಯವರೆಗೂ ತುಂಬಿಸುವ ಹಟವೂ ಬೇಡ. ಮುಂದೆ ತೂಕ ಕಟ್ಟಿದರೆ ನಳಿಗೆ ನಿಲ್ಲುತ್ತದೆ ನಿಜ, ಆದರೆ ಅದನ್ನು ಹೊರಲು ಸೊಂಟ ಹಿಂದಕ್ಕೆ ಬಾಗಬೇಕು.

ಪೆಲೆಟ್‌ನ ವಿಚಾರ ಇದಕ್ಕಿಂತ ಸೂಕ್ಷ್ಮ. ಡಬ್ಬಿಯ ಮೇಲೆ ತಲೆಯ ಅಗಲ 4.49, 4.50 ಎಂದು ಅಚ್ಚಾಗಿರುತ್ತದೆ, ಪಕ್ಕದಲ್ಲೊಂದು ಲಾಟ್ ಸಂಖ್ಯೆ. ಒಂದೇ ಕಂಪನಿ, ಒಂದೇ ಅಗಲ, ಬೇರೆ ಲಾಟ್ ಆದರೆ ಅದೇ ನಳಿಗೆಯಲ್ಲಿ ಗುಂಡುಗಳು ಒತ್ತಾಗಿ ಬೀಳುವ ರೀತಿ, ಅಂದರೆ ಗ್ರೂಪಿಂಗ್, ಬೇರೆಯಾಗಬಹುದು. ಹಾಗಾಗಿ ಪಳಗಿದವರು ಹಲವು ಲಾಟ್ ಪರೀಕ್ಷಿಸಿ, ಒಪ್ಪಿದ್ದನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಳ್ಳುತ್ತಾರೆ. ಸಾಯಗಾಂವದ ಹುಡುಗನೊಬ್ಬ ಒಂದೊಂದೇ ಡಬ್ಬಿ ತರಿಸಿಕೊಂಡರೆ ಪ್ರತಿ ಡಬ್ಬಿಯೂ ಬೇರೆ ಲಾಟ್ ಆಗಿ ಬರಬಹುದು. ಅಂಕ ಇಳಿದಾಗ ಆತ ತನ್ನ ಕೈಯನ್ನು ಅನುಮಾನಿಸುತ್ತಾನೆ, ಟ್ರಿಗರ್ ಬಿಡುವ ರೀತಿಯನ್ನು ಬದಲಿಸುತ್ತಾನೆ, ಕೂಡಿಸಿದ್ದನ್ನು ಕೆಡಿಸಿಕೊಳ್ಳುತ್ತಾನೆ. ದೂರದ ಊರಿನವರ ನಿಜವಾದ ನಷ್ಟ ಇದು. ದುಡ್ಡಿನ ನಷ್ಟ ಇದರ ಮುಂದೆ ಸಣ್ಣದು.

ಗಾಳಿ ಇನ್ನೊಂದು. ಈಗಿನ ರೈಫಲ್‌ಗಳು ಸುಮಾರು 200 ಬಾರ್ ಒತ್ತಡದ ಗಾಳಿಯ ಸಿಲಿಂಡರಿನಿಂದ ನಡೆಯುತ್ತವೆ. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರು ಬೀದರ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿಗೆ ಕಾದರೆ ಒತ್ತಡ ಸುಮಾರು 217ಕ್ಕೆ ಏರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕಡಿಮೆ ತುಂಬುವುದು, ನೆರಳಲ್ಲಿ ಒಯ್ಯುವುದು ಲೇಸು. ಸ್ಕೂಬಾ ಸಿಲಿಂಡರ್ ತುಂಬಿಸುವ ವ್ಯವಸ್ಥೆ ಇಲ್ಲದ ಕಡೆ ಕೈಪಂಪೇ ಗತಿ. ಮಳೆಗಾಲದಲ್ಲಿ ಮಾಂಜ್ರಾ ದಂಡೆಯ ತೇವದ ಗಾಳಿಯನ್ನು ಹಾಗೇ ಒತ್ತಿದರೆ ನೀರಿನಂಶ ಒಳಗೆ ಸೇರಿ ಕವಾಟ ಕೆಡುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಪಂಪನ್ನು ಇಲ್ಲಿ ಕೊಳ್ಳಲೇಬಾರದು.

ಜಾಕೆಟ್ ದಪ್ಪ ಕ್ಯಾನ್ವಾಸು, ಚರ್ಮಗಳದ್ದು. ಒಂದು ಪದರ 2.5 ಮಿಲಿಮೀಟರ್ ಮೀರುವಂತಿಲ್ಲ, ಬಿಗಿತವನ್ನೂ ಉಪಕರಣವಿಟ್ಟು ಅಳೆಯುತ್ತಾರೆ. ಗೆದ್ದ ಮೇಲಿನ ತಪಾಸಣೆಯಲ್ಲಿ ತಪ್ಪಿದರೆ ಅನರ್ಹತೆ. ಬೆವರು ಕುಡಿದ ಕ್ಯಾನ್ವಾಸು ಮೆತ್ತಗಾಗುತ್ತದೆ, ಮೈ ಬೆಳೆದರೆ ಗುಂಡಿ ಹಾಕಲಾಗದು. ರೈಫಲ್ ಅಣ್ಣನಿಂದ ತಂಗಿಗೆ ದಾಟಬಹುದು, ಜಾಕೆಟ್ ದಾಟುವುದಿಲ್ಲ.

ಕಾನೂನಿನ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ನಂತರ 4.5 ಮಿಲಿಮೀಟರ್ ನಳಿಗೆಯ, 20 ಜೌಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 7.7 ಜೌಲ್‌ಗೂ ಕಡಿಮೆ. ಹೀಗಾಗಿ ಹಳ್ಳಿಯವರಿಗೆ ತೆರೆದಿರುವುದು 10 ಮೀಟರಿನ ಬಾಗಿಲು. 50 ಮೀಟರಿನ ಪಾಯಿಂಟ್ ಟೂ ಟೂ ರೈಫಲ್‌ಗೆ ಲೈಸೆನ್ಸು ಬೇಕು. ಕೊಡಗಿನ ಸ್ಥಿತಿ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಕೈಲ್ ಮುಹೂರ್ತದ ಹಬ್ಬದಲ್ಲಿ ಪೂಜೆಗೊಂಡ ಕೋವಿಯೇ ತೆಂಗಿನಕಾಯಿಗೆ ಗುರಿಯಿಡುತ್ತದೆ. ಅಲ್ಲಿ ಸಲಕರಣೆ ಮನೆತನದಿಂದ ಬರುತ್ತದೆ. ಅವರದು ಕೋವಿ, ನಮ್ಮದು ಬಂದೂಕು: ಪದದಲ್ಲೇ ಎರಡು ಚರಿತ್ರೆಗಳಿವೆ.

ಕರ್ನಾಟಕದ ರೈಫಲ್ ಸಾಧನೆ ಬೆಂಗಳೂರಿನ ಸುತ್ತ ಬೆಳೆದಿದೆ. ಅಲ್ಲಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು ಪ್ಯಾರಿಸ್ ಒಲಿಂಪಿಕ್ಸ್‌ಗೆ ದೇಶಕ್ಕೊಂದು ಕೋಟಾ ತಂದರು. ಬೀದರಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್. 2012ರಲ್ಲಿ ಲಂಡನ್‌ನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಬೆಳೆದ ಹೈದರಾಬಾದು ಅದರ ಕಾಲುಭಾಗಕ್ಕಿಂತ ಹತ್ತಿರ. ಆಸ್ಪತ್ರೆಗೂ ಮದುವೆಯ ಜವಳಿಗೂ ಅಲ್ಲಿಗೇ ಹೋಗುವ ಜನ ಲಾಟ್ ಪರೀಕ್ಷೆಗೂ ದುರಸ್ತಿಗೂ ಅತ್ತಲೇ ಮುಖ ಮಾಡುವುದು ಸರಿ.

ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಪರ್ಧೆಗಳಲ್ಲಿ ಓಪನ್ ಸೈಟ್ ಏರ್ ರೈಫಲ್ ವಿಭಾಗವೂ ಇದೆ. ಜಾತ್ರೆಯ ಬಂದೂಕಿಗೂ ಒಲಿಂಪಿಕ್ಸ್ ರೈಫಲ್‌ಗೂ ನಡುವೆ ಇರುವ ಮೆಟ್ಟಿಲು ಅದೇ. ಬಲೂನಿನ ಎಡಕ್ಕೆ ಹಿಡಿದ ಆ ಹುಡುಗಿ ಅಲ್ಲಿಂದ ಶುರು ಮಾಡಲಿ. ಮನೆಯವರು ಕೂಡಿಟ್ಟ ಹಣ ಮೊದಲು ಒಂದೇ ಲಾಟ್‌ನ ಪೆಲೆಟ್‌ಗೆ, ಆಮೇಲೆ ಅವಳ ಅಳತೆಯ ಜಾಕೆಟ್‌ಗೆ, ಫಿಲ್ಟರ್ ಇರುವ ಪಂಪಿಗೆ ಹೋಗಲಿ. ಪೀಪ್ ಸೈಟ್‌ನ ಸ್ವಂತ ರೈಫಲ್ ಕೊನೆಗೆ ಬರಲಿ, ಅವಳ ಎತ್ತರ ನಿಂತ ಮೇಲೆ.