ಬೆರಳಚ್ಚು ಯಂತ್ರದ ಕಥೆ

ಕಳೆದ ವರ್ಷ ನಮ್ಮ ಸಂಘದ ಕಚೇರಿಯ ಕಪಾಟುಗಳನ್ನು ಖಾಲಿ ಮಾಡಿದಾಗ ಹಳೆಯ ಕನ್ನಡ ಬೆರಳಚ್ಚು ಯಂತ್ರವೊಂದು ಹೊರಬಂದಿತು. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ‘ಕೆಟ್ಟು ಎಷ್ಟೋ ವರ್ಷವಾಯಿತು, ಹೋಗಲಿ ಬಿಡಿ’ ಎಂದರು ಕೆಲವರು. ಒಂದು ಕಾಲಕ್ಕೆ ಸಂಘದ ರಾಜ್ಯೋತ್ಸವದ ಕರೆಯೋಲೆ, ವಾರ್ಷಿಕ ವರದಿ ಎಲ್ಲ ಅದರಿಂದಲೇ ಹೊರಟಿದ್ದವು. ಇಂಥ ಯಂತ್ರಗಳನ್ನು ಕೂಡಿಸಿ ದುರಸ್ತಿ ಮಾಡುವ ಹವ್ಯಾಸ ನಮಗಿರುವುದರಿಂದ, ಗುಜರಿಯವನು ಹೇಳಿದಷ್ಟೇ ಹಣವನ್ನು ಸಂಘಕ್ಕೆ ಕಟ್ಟಿ ಮನೆಗೆ ತಂದೆವು. ಆ ನೆಪದಲ್ಲಿ ಇದರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಸಂಗಡಿಗರು 1868ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದರು. ಬಂದೂಕು, ಹೊಲಿಗೆ ಯಂತ್ರಗಳನ್ನು ಮಾಡುತ್ತಿದ್ದ ರೆಮಿಂಗ್ಟನ್ ಕಂಪೆನಿ 1874ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದವು. ಅಚ್ಚು ಕೆಳಗಿನಿಂದ ಬಡಿಯುತ್ತಿದ್ದ ಕಾರಣ ಹೊಡೆದದ್ದು ಹೊಡೆಯುವವನಿಗೇ ಕಾಣುತ್ತಿರಲಿಲ್ಲ! 1878ರ ಮಾದರಿಯಲ್ಲಿ ‘ಶಿಫ್ಟ್’ ಕೀಲಿ ಬಂದು ಚಿಕ್ಕಕ್ಷರಗಳಿಗೂ ಜಾಗವಾಯಿತು. 1890ರ ದಶಕದಲ್ಲಿ ಬಂದ ಅಂಡರ್‌ವುಡ್ ಯಂತ್ರದಲ್ಲಿ ಅಚ್ಚು ಮುಂದಿನಿಂದ ಬಡಿದು, ಬರಹ ಕಣ್ಣೆದುರೇ ಮೂಡತೊಡಗಿತು. ಮುಂದೆ ಕಚೇರಿಗಳಲ್ಲಿ ನೆಲೆಗೊಂಡದ್ದು ಈ ಬಗೆಯೇ.

ನಮ್ಮ ದೇಶದಲ್ಲಿ 1955ರಲ್ಲಿ ಮುಂಬಯಿಯ ಗೋದ್ರೆಜ್ ಕಂಪೆನಿ ಸ್ವದೇಶಿ ಯಂತ್ರವನ್ನು ತಯಾರಿಸಿತು. ಅದರ ತಯಾರಿಕೆ 2009ರಲ್ಲಿ ನಿಂತಿತು. ಈ ನಡುವಿನ ಕಾಲದಲ್ಲಿ ಎಷ್ಟು ಕನ್ನಡಿಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಟೈಪಿಂಗ್ ಕಲಿತು ಈ ಮಹಾನಗರಗಳಲ್ಲಿ ಸಂಸಾರ ಹೂಡಿದರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಬಿ.ಎಸ್ಸಿ. ಮುಗಿಸಿ ಕೈ ಖಾಲಿ ಕುಳಿತಿದ್ದ ನಮಗೂ ಅನ್ನದ ದಾರಿ ತೋರಿದ್ದು ನಿಮಿಷಕ್ಕೆ 30 ಪದಗಳ ಆ ವೇಗವೇ.

ಕನ್ನಡ ಯಂತ್ರದ ಕಷ್ಟ ಬೇರೆ. ಸಾಮಾನ್ಯ ಯಂತ್ರದಲ್ಲಿ ಕೂಡುವುದು ಸುಮಾರು 90 ಅಚ್ಚುಗಳು. ನಮ್ಮಲ್ಲಿಯಾದರೋ ಕಾಗುಣಿತ, ಒತ್ತಕ್ಷರ ಸೇರಿದರೆ ರೂಪಗಳು ನೂರಾರು. ಆದ್ದರಿಂದ ಅಕ್ಷರವನ್ನು ಬಿಡಿಸಿ, ಮೂಲರೂಪ, ಸ್ವರಚಿಹ್ನೆ, ಒತ್ತು ಇವುಗಳನ್ನು ಬೇರೆ ಬೇರೆ ಹೊಡೆದು ಕೂಡಿಸುವ ಏರ್ಪಾಡಾಯಿತು. ಕನ್ನಡಕ್ಕೆ ಇಂಥ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಅನಂತ ಸುಬ್ಬರಾಯರದು.

ಇನ್ನು ದುರಸ್ತಿಯ ಮಾತು. ಹೊಸಬರು ಮಾಡುವ ಮೊದಲ ತಪ್ಪು ಎಂದರೆ ಕಂಡಲ್ಲೆಲ್ಲ ಎಣ್ಣೆ ಬಿಡುವುದು. ಎಣ್ಣೆಗೆ ಧೂಳು ಕೂಡಿ ಅಂಟಾಗಿ ಅಚ್ಚಿನ ಕಡ್ಡಿಗಳು ಮೇಲೇಳುವುದೇ ಇಲ್ಲ. ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸ್ಪಿರಿಟ್, ಬೇಕಾದಷ್ಟು ತಾಳ್ಮೆ ಇದ್ದರೆ ಅರ್ಧ ಕೆಲಸವಾದಂತೆ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುವುದೂ ಸಲ್ಲದು. ಅದರ ವಯಸ್ಸೇ ಅದರ ಶೋಭೆ.

ಸಂಘದ ಯಂತ್ರವನ್ನು ಮೂರು ಭಾನುವಾರ ತೊಳೆದ ಮೇಲೆ ನಿಜವಾದ ರೋಗ ತಿಳಿಯಿತು. ಕಾಗದದ ಗಾಡಿಯನ್ನು ಎಡಕ್ಕೆ ಎಳೆಯುವ ಸ್ಪ್ರಿಂಗಿನ ದಾರ ತುಂಡಾಗಿತ್ತು, ಅಷ್ಟೆ. ಮೀನು ಹಿಡಿಯುವ ಗಟ್ಟಿ ದಾರ ಕಟ್ಟಿದೊಡನೆ ಗಾಡಿ ಸರಿಯಿತು.

ಹಿಂದೆ ಅದರಲ್ಲಿ ವರದಿ ಹೊಡೆಯುತ್ತಿದ್ದ ಹಿರಿಯ ಸದಸ್ಯರನ್ನು ಮನೆಗೆ ಕರೆದೆವು. ಎಂಬತ್ತು ದಾಟಿದ ಅವರ ಕೈ ನಡುಗುತ್ತಿತ್ತು. ಕೀಲಿಮಣೆಯ ಮೇಲೆ ಇಟ್ಟೊಡನೆ ನಡುಕ ನಿಂತಿತು. ‘ಇಷ್ಟೇ ಆಗಿದ್ದದ್ದಾ ಮಾರಾಯರೆ? ಇದು ಹಾಳಾಯಿತು ಅಂತ ನಾನು ಬರೆಯುವುದನ್ನೇ ಬಿಟ್ಟೆನಲ್ಲ!’ ಎಂದರು. ಕನ್ನಡ ಓದಲು ಬಾರದ ನಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅಮ್ಮ’ ಎಂಬುದಕ್ಕೆ ಮಕಾರ ಯಾವುದು, ಅದರ ಒತ್ತು ಯಾವುದು ಎಂದು ಒಂದೊಂದೇ ಕೀಲಿ ತೋರಿಸಿದರು. ಆ ಹಾಳೆ ಈಗ ಅವಳ ಪುಸ್ತಕದಲ್ಲಿದೆ.

ವಾಚಕರ ಅಟ್ಟದ ಮೇಲೂ ಇಂಥ ಯಂತ್ರವಿದ್ದೀತು. ಗುಜರಿಗೆ ಹಾಕುವ ಮುನ್ನ ದಯವಿಟ್ಟು ಒಮ್ಮೆ ಆ ದಾರವನ್ನು ನೋಡಿ.