ತುರಿಸದ ತುರಿಚೆ: ಹವಾಯಿಯ ಮಾಮಕಿ ಗಿಡದ ಲೆಕ್ಕಾಚಾರ

ತುರಿಚೆ ಗಿಡ ಅಂದ ತಕ್ಷಣ ಮಲೆನಾಡಿನವರು ಕೈ ಹಿಂದಕ್ಕೆ ಎಳ್ಕೋತಾರೆ. ಮುಟ್ಟಿದ್ರೆ ಉರಿ, ದದ್ದು. ಆದ್ರೆ ಅದೇ ಕುಟುಂಬದ ಒಂದು ಗಿಡವನ್ನ ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಜನ ಬಟ್ಟೆಯಾಗಿ ಉಟ್ಟಿದ್ದಾರೆ, ಔಷಧಿಯಾಗಿ ಬಳಸಿದ್ದಾರೆ, ಈಗ ಚಹಾ ಮಾಡಿ ಕುಡೀತಾರೆ. ಅದರ ಹೆಸರು ಮಾಮಕಿ. ಇವತ್ತಿನ ಕಥೆ ಇದರದ್ದೇ.

ಮೊದಲು ಗಿಡದ ಪರಿಚಯ. ಮಾಮಕಿ ಮಳೆಕಾಡಿನ ಪೊದೆ; ಕೆಲವೊಮ್ಮೆ ಸಣ್ಣ ಮರದಷ್ಟು ಬೆಳೆಯುತ್ತೆ. ಎಲೆಯ ಅಡಿಭಾಗ ಬೂದುಬಿಳಿ, ನರಗಳು ಕೆಲವು ಗಿಡಗಳಲ್ಲಿ ಹಸಿರು, ಕೆಲವದರಲ್ಲಿ ಕೆಂಪು. ಬಿಳಿ, ಮೆತ್ತನೆಯ ಹಣ್ಣು. ಚುಚ್ಚುವ ರೋಮ ಇಲ್ಲವೇ ಇಲ್ಲ. ಹವಾಯಿ ಬಿಟ್ಟು ಬೇರೆಲ್ಲೂ ಇದು ಸಹಜವಾಗಿ ಬೆಳೆಯೋದಿಲ್ಲ.

ಹವಾಯಿಯ ಜನ ಮರದ ಒಳತೊಗಟೆಯನ್ನ ನೆನೆಸಿ, ಕೆತ್ತನೆ ಮಾಡಿದ ಕೊಡತಿಯಿಂದ ಬಡಿದು ಬಟ್ಟೆ ಮಾಡ್ತಿದ್ರು. ನಾವು ಪುರಾಣಗಳಲ್ಲಿ ಕೇಳಿದ ನಾರುಮಡಿ ಇದೆಯಲ್ಲ, ಆ ಥರದ್ದು. ಅದಕ್ಕೆ ಕಾಪಾ ಅಂತ ಹೆಸರು. ಅತಿ ನಯವಾದ ಕಾಪಾ ಬರ್ತಿದ್ದದ್ದು ವೌಕೆ ಅನ್ನೋ ಗಿಡದಿಂದ. ಅದನ್ನ ಹೊಲದಲ್ಲಿ ನೆಟ್ಟು ಬೆಳೆಸ್ತಿದ್ರು. ಮಾಮಕಿಯ ಕಾಪಾ ಸ್ವಲ್ಪ ಒರಟು.

ಈಗ ನಾನು ಕಾಮರ್ಸ್ ಓದಿದವನು, ನನ್ನ ಕಣ್ಣು ಹೋಗೋದು ಲೆಕ್ಕಕ್ಕೆ. 1778ರಲ್ಲಿ ಕ್ಯಾಪ್ಟನ್ ಕುಕ್ ಬಂದ ಮೇಲೆ ದ್ವೀಪಗಳು ಜಾಗತಿಕ ವ್ಯಾಪಾರಕ್ಕೆ ತೆರೆದುಕೊಂಡವು. 19ನೇ ಶತಮಾನದ ಆರಂಭದಲ್ಲಿ ಅಲ್ಲಿನ ಗಂಧದ ಮರ ಚೀನಾಕ್ಕೆ ಹೋಗತೊಡಗಿತು. ಇದು ನಮ್ಮ ಮೈಸೂರು ಗಂಧದ ಕುಲದ್ದೇ ಮರ. ಹವಾಯಿಯ ನಾಯಕರು ಗಂಧ ಕೊಡ್ತೀವಿ ಅಂತ ಹೇಳಿ ಅಮೆರಿಕದ ವ್ಯಾಪಾರಿಗಳಿಂದ ಸರಕನ್ನ ಸಾಲವಾಗಿ ತಗೊಂಡ್ರು. ಸಾಲ ಬೆಟ್ಟದಷ್ಟಾಯ್ತು.

ತೀರಿಸಿದ್ದು ಯಾರು? 1826ರ ಕೊನೆಯಲ್ಲಿ ತೆರಿಗೆ ಕಾನೂನು ಬಂತು. ಪ್ರತಿ ಗಂಡಸು ಅರ್ಧ ಪಿಕುಲ್, ಅಂದ್ರೆ ಸುಮಾರು 30 ಕೆ.ಜಿ. ಗಂಧ ಕೊಡಬೇಕು, ಇಲ್ಲದಿದ್ರೆ 4 ಸ್ಪ್ಯಾನಿಷ್ ಡಾಲರ್. 13 ವರ್ಷ ತುಂಬಿದ ಪ್ರತಿ ಹೆಣ್ಣು 12 ಅಡಿ ಉದ್ದ, 6 ಅಡಿ ಅಗಲದ ಚಾಪೆ, ಅಥವಾ ಅಷ್ಟೇ ಬೆಲೆಯ ಕಾಪಾ, ಅಥವಾ 1 ಡಾಲರ್. ಮನೆಯಲ್ಲಿ ಉಡೋಕೆ ಹೆಂಗಸರು ಬಡಿಯುತ್ತಿದ್ದ ಬಟ್ಟೆಗೆ ಒಂದು ದರ ಬಿತ್ತು. ಅದೂ ತಾವು ಮಾಡದ ಸಾಲಕ್ಕೆ.

ಆಮೇಲೆ ಹಡಗಿನಲ್ಲಿ ಬಂದ ಹತ್ತಿಬಟ್ಟೆ ಕಾಪಾವನ್ನ ಮೂಲೆಗೆ ತಳ್ಳಿತು. ಆ ಶತಮಾನ ಮುಗಿಯೋ ಹೊತ್ತಿಗೆ ಕಸುಬೇ ಹೆಚ್ಚುಕಡಿಮೆ ನಿಂತುಹೋಯ್ತು. 1970ರ ದಶಕದಲ್ಲಿ ಕೆಲವರು ಮತ್ತೆ ಕಲಿಯಬೇಕಾಯ್ತು.

ಕಾಡಿಗೆ ಬಿದ್ದ ಪೆಟ್ಟು ಬೇರೆ. ಕುಕ್ ಆಡುಗಳನ್ನ ಬಿಟ್ಟುಹೋಗಿದ್ದ. 1793ರಲ್ಲಿ ವ್ಯಾಂಕೂವರ್ ರಾಜ ಕಮೆಹಮೆಹಾನಿಗೆ ದನಗಳನ್ನ ಕೊಟ್ಟ; ಹತ್ತು ವರ್ಷ ಕೊಲ್ಲಬಾರದು ಅಂತ ನಿಷೇಧವೂ ಆಯ್ತು. ದನ ಕಾಡುಪಾಲಾಗಿ ಬೆಟ್ಟಗಳನ್ನ ಬೋಳು ಮಾಡಿದವು. ಕಾಡು ಹೋದ್ರೆ ನೀರು ಹೋಗುತ್ತೆ ಅನ್ನೋದು ಕೊನೆಗೆ ಅರ್ಥವಾಗಿದ್ದು ಕಬ್ಬಿನ ತೋಟಗಳ ಮಾಲೀಕರಿಗೆ. 1903ರಲ್ಲಿ ಅರಣ್ಯ ಕಾಯ್ದೆ ಬಂತು, ಮೀಸಲು ಕಾಡುಗಳಿಗೆ ಬೇಲಿ ಬಿತ್ತು.

ಇವತ್ತು ಮಾಮಕಿ ತೋಟದ ಬೆಳೆ. ಬೀಜ ಧೂಳಿನಷ್ಟು ಸಣ್ಣ. ಹಣ್ಣು ಕಿವುಚಿ ತೆಗೆದು, ಮಣ್ಣಿನ ಮೇಲೆಯೇ ಉದುರಿಸಿ, ತೇವ ಆರದಂತೆ ನೋಡಿಕೊಳ್ಳಬೇಕು. ಎಲೆ ಕೊಯ್ದು ಒಣಗಿಸಿದ್ರೆ ಕೆಫೀನ್ ಇಲ್ಲದ ಚಹಾ. ತೋಟದಲ್ಲಿ ಬೆಳೆದಷ್ಟೂ ಕಾಡಿಗೆ ಕೈ ಹಾಕೋದು ಕಡಿಮೆ.

ಆದ್ರೆ 2018ರಲ್ಲಿ ಮಾವಿ ದ್ವೀಪದಲ್ಲಿ ರೇಮಿ ಪತಂಗ ಕಾಣಿಸ್ತು. ಏಷ್ಯಾ ಕಡೆಯದು, ತುರಿಚೆ ಕುಟುಂಬದ ಗಿಡಗಳನ್ನೇ ತಿನ್ನೋ ಹುಳು. ಒಂದು ಮಾಮಕಿಯ ಎಲೆಯನ್ನೆಲ್ಲ ಬೋಳಿಸಬಲ್ಲದು. ಇದರಿಂದ ನಷ್ಟ ರೈತನಿಗೆ ಮಾತ್ರ ಅಲ್ಲ. ಹವಾಯಿಯ ರಾಜ್ಯಕೀಟ ಕಮೆಹಮೆಹಾ ಚಿಟ್ಟೆಯ ಮರಿಗಳಿಗೂ ಮುಖ್ಯ ಆಹಾರ ಇದೇ ಎಲೆ.

ಗಂಧ, ದನ, ಪತಂಗ: ಮೂರೂ ಹೊರಜಗತ್ತಿನ ಸಂಪರ್ಕದ ಕಥೆಗಳೇ. ಲಾಭ ಬರೆದವರ ಪುಸ್ತಕದಲ್ಲಿ ಈ ಕಾಡಿನ ಖರ್ಚು ಎಲ್ಲೂ ಇರಲಿಲ್ಲ. ಅದನ್ನ ಈಗ ಕಟ್ಟುತ್ತಿರೋದು ಮಾಮಕಿ ನೆಡುವ ರೈತರು. ಮುಂದಿನ ಸಂಚಿಕೆಯಲ್ಲಿ ಸಿಗೋಣ.